ರಾಜನ ಗಾಳ, ಸಾಹೇಬರ ನೊಣ, ನಮ್ಮ ಹೊಳಿ ಮೀನು

ಕಬ್ಬಿನ ರವದಿ, ಗೋವಿನಜೋಳದ ಸೈನಿಕ ಹುಳ, ಅರಿಷಿಣದ ದರ ಅಂತ ಈ ಪುಟದಾಗ ಭಾಳ ಬರದೇನಿ. ಈ ಸಲ ಹೊಲದ ಬದು ದಾಟಿ ಹೊಳಿಗೆ ಇಳಿಯೋಣ. ವಿಷಯ ಗಾಳ. ಮೀನು ಹಿಡಿಯೋ ಗಾಳದ ಇತಿಹಾಸ. ಉದ್ದ ಐತಿ, ಪುರಸೊತ್ತಿದ್ದಾಗ ಓದ್ರಿ.

ಈಗ ಎಲ್ಲಾರ ಮೊಬೈಲಿನಾಗೂ ಒಂದು ನಮೂನಿ ವಿಡಿಯೋ ಬರ್ತಾವ. ಯಾವುದೋ ಗುಡ್ಡದ ಹಳ್ಳ, ಕನ್ನಡಿಯಂಥ ನೀರು. ಮೊಣಕಾಲು ನೀರಾಗ ಒಬ್ಬ ಮನಿಷ್ಯಾ ನಿಂತು ಸಣ್ಣ ಕೋಲಿನಿಂದ ದಾರ ಬೀಸತಾನ. ದಾರ ಗಾಳ್ಯಾಗ ಸುರುಳಿ ಬಿಚ್ಚಿ ಹೋಗಿ ನೀರಿನ ಮ್ಯಾಲೆ ಹಗೂರ ಕೂಡ್ತದ. ಚುಕ್ಕಿ ಚುಕ್ಕಿ ಮೈಯಿನ ಟ್ರೌಟ್ ಮೀನು ಬೀಳ್ತದ. ಅದನ್ನ ಅಂಗೈಯಾಗ ಹಿಡಿದು ನೋಡಿ, ಮತ್ತ ನೀರಿಗೇ ಬಿಡತಾನ. ನಮ್ಮ ಹುಡುಗರು ಇದನ್ನ ನೋಡಿ ನಗತಾರ. "ಬಿಡೂದಾದ್ರ ಹಿಡಿಯೂದ್ಯಾಕ್ರಿ ಕಾಕಾ?" ಅಂತಾರ. ಕೇಳೂದು ಬರೋಬ್ಬರಿ ಐತಿ. ಆದರ ಇದಕ್ಕ ಉತ್ತರ ಹುಡುಕಾಕ ಹೋದ್ರ ಇಂಗ್ಲೆಂಡಿಗೆ ಹೋಗೂದು ಆಮ್ಯಾಲಿನ ಮಾತು, ಮೊದಲು ನಮ್ಮ ಕಲ್ಯಾಣಕ್ಕೇ ಹೋಗಬೇಕಾಗತೈತಿ.

ಕಲ್ಯಾಣದ ಅರಸನ ಮತ್ಸ್ಯವಿನೋದ

ಇವತ್ತಿನ ಬೀದರ ಜಿಲ್ಲೆಯ ಬಸವಕಲ್ಯಾಣ ಆಗ ಕಲ್ಯಾಣ ಚಾಲುಕ್ಯರ ರಾಜಧಾನಿ. ಆರನೇ ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ 1126ರಿಂದ 1138ರವರೆಗೆ ಅಲ್ಲಿ ಆಳಿದ. ಭೂಲೋಕಮಲ್ಲ ಅನ್ನೋದು ಅವನ ಬಿರುದು, ಸರ್ವಜ್ಞ ಅಂತಲೂ ಕರೀತಿದ್ದರು. ಗೋಕಾಕ, ಹುಕ್ಕೇರಿ, ಮೂಡಲಗಿಯ ಈ ಸೀಮೆ ಆಗ ಕೂಂಡಿ ಮೂರು ಸಾವಿರ ನಾಡಿಗೆ ಸೇರಿತ್ತು. ಸವದತ್ತಿಯ ರಟ್ಟರು ಚಾಲುಕ್ಯರ ಸಾಮಂತರಾಗಿ ಈ ನಾಡನ್ನು ನೋಡಿಕೊಳ್ಳುತ್ತಿದ್ದರು. ಗೋಕಾಕ ಫಾಲ್ಸಿನ ದಂಡಿ ಮ್ಯಾಲಿನ ಮಹಾಲಿಂಗೇಶ್ವರ ಗುಡಿ ಚಾಲುಕ್ಯರ ಕಾಲದ ಕಟ್ಟಡ. ಅಂದ್ರ ಸೋಮೇಶ್ವರ ನಮಗ ದೂರದ ಅರಸ ಅಲ್ಲ, ನಮ್ಮ ಘಟಪ್ರಭೆ ಹರಿದದ್ದು ಅವನ ಆಳ್ವಿಕೆಯೊಳಗೇ.

ಈ ಅರಸ 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ಒಂದು ದೊಡ್ಡ ಗ್ರಂಥ ಬರೆಸಿದ, ಅಥವಾ ಬರೆದ. ಹೆಸರು ಮಾನಸೋಲ್ಲಾಸ. ಅಭಿಲಷಿತಾರ್ಥ ಚಿಂತಾಮಣಿ ಅಂತಲೂ ಅದಕ್ಕೆ ಹೆಸರು. ಐದು ಭಾಗ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ, ಒಟ್ಟು ನೂರು. ರಾಜ್ಯ ಗಳಿಸೋದು, ಉಳಿಸೋದು, ಔಷಧ, ಆನೆ, ಕುದುರೆ, ಅಡುಗೆ, ಸಂಗೀತ, ಚಿತ್ರಕಲೆ, ಜಟ್ಟಿ ಕಾಳಗ, ಕೋಳಿ ಕಾಳಗ, ಎಲ್ಲಾ ಅದರಾಗ ಅದಾವ. ಇಡ್ಲಿ, ದೋಸೆಯ ಹಳೇ ಉಲ್ಲೇಖ ಹುಡುಕೋರು ಸೈತ ಇದೇ ಪುಸ್ತಕ ತೆಗಿತಾರ. ವಿನೋದಗಳ ಭಾಗದಾಗ ಒಂದು ಅಧ್ಯಾಯದ ಹೆಸರೇ ಮತ್ಸ್ಯವಿನೋದ. ಅರಸನಾದವನು ಗಾಳ ಹಾಕಿ ಮೀನು ಹಿಡಿಯೋದು ಹೆಂಗ ಅನ್ನೋ ಪಾಠ ಅದು.

ಅದರಾಗ ಏನೈತಿ ಕೇಳ್ರಿ. ಸುಮಾರು 35 ಬಗೆಯ ಮೀನುಗಳ ಹೆಸರು ಅದಾವ. ಸಮುದ್ರದವು ಯಾವು, ಹೊಳಿಯವು ಯಾವು, ಹುರುಪಿ ಇರೋವು ಯಾವು, ಹುರುಪಿ ಇಲ್ಲದವು ಯಾವು, ದೊಡ್ಡವು, ಸಣ್ಣವು ಅಂತ ವಿಂಗಡಣೆ ಐತಿ. ಯಾವ ಮೀನಿಗೆ ಯಾವ ತಿನಿಸು ಹಾಕಿ ರೂಢಿ ಮಾಡಿಸಬೇಕು ಅನ್ನೋದನ್ನ ಬ್ಯಾರೆ ಬ್ಯಾರೆ ಹೇಳ್ಯಾನ. ಕೋಲು, ದಾರ, ಗಾಳ ಹೆಂಗಿರಬೇಕು, ಮೀನು ಕಚ್ಚಿದಾಗ ದಾರ ಹೆಂಗ ಸಡಿಲ ಬಿಡಬೇಕು, ಹೆಂಗ ದಣಿಸಿ ಎಳೀಬೇಕು ಅನ್ನೋವರೆಗೆ ವಿವರ ಐತಿ. ಹೊಟ್ಟಿಪಾಡಿಗೆ ಮೀನು ಹಿಡಿಯಾವನಿಗೆ ಇಷ್ಟು ಉಪಚಾರ ಬೇಕಾಗಿಲ್ಲ, ಅವನಿಗೆ ಬಲೆ ಸಾಕು. ಇದು ಹವ್ಯಾಸಿಗೆ ಬರೆದ ಪಾಠ. ಮೀನಿನ ಸ್ವಭಾವ ತಿಳಕೊಂಡು, ಅದರ ಜೋಡಿ ಒಂದೊಂದಾಗಿ ಆಟ ಆಡೋನಿಗೆ.

ಈ ಅಧ್ಯಾಯದ ಬೆಲೆ ಮೊದಲು ಸರಿಯಾಗಿ ತಿಳಿದವರಲ್ಲಿ ಒಬ್ಬರು ಸುಂದರಲಾಲ ಹೋರಾ. ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಮೀನು ವಿಜ್ಞಾನಿ. ಗುಡ್ಡದ ಹಳ್ಳಗಳ ರಭಸದ ನೀರಿನಲ್ಲಿ ಮೀನುಗಳು ಕಲ್ಲಿಗೆ ಅಂಟಿಕೊಂಡು ಹೆಂಗ ಬದುಕತಾವ ಅನ್ನೋದನ್ನ ಜೀವಮಾನ ಪೂರ್ತಿ ಅಭ್ಯಾಸ ಮಾಡಿದವರು. 1951ರಲ್ಲಿ ಅವರು ಮತ್ಸ್ಯವಿನೋದದ ಮೇಲೆ ಒಂದು ಲೇಖನ ಪ್ರಕಟಿಸಿದರು. ಇಂಗ್ಲಿಷರಲ್ಲಿ ಗಾಳದ ಬಗ್ಗೆ ಅಚ್ಚಾದ ಮೊದಲ ಪುಸ್ತಕ ಬಂದದ್ದು 1496ರಲ್ಲಿ. ಐಸಾಕ್ ವಾಲ್ಟನ್ನನ ಪ್ರಸಿದ್ಧ ಪುಸ್ತಕ ಬಂದದ್ದು 1653ರಲ್ಲಿ. ನಮ್ಮ ಸೋಮೇಶ್ವರ ಅವರಿಗಿಂತ ಮುನ್ನೂರೈವತ್ತು, ಐನೂರು ವರ್ಷ ಹಿಂದಿನವ. ಇದನ್ನ ಎದಿ ತಟ್ಟಿಕೊಳ್ಳಾಕ ಹೇಳಾಕತ್ತಿಲ್ಲ. ಗಾಳ ಅಂದ್ರ ಪರದೇಶದ ಶೋಕಿ ಅನ್ನೋ ಮಾತು ಖರೆ ಅಲ್ಲ ಅನ್ನಾಕ ಹೇಳತೀನಿ.

ಇದರ ಮಗ್ಗಲಾಗ ಇನ್ನೊಂದು ಮಾತು ಇಡಬೇಕು. ಅದೇ ಹನ್ನೆರಡನೇ ಶತಮಾನದಲ್ಲಿ, ಅರಸ ತೀರಿದ ಕೆಲವೇ ದಶಕಗಳೊಳಗೆ, ಅದೇ ಕಲ್ಯಾಣದಲ್ಲಿ ಶರಣರು ಸೇರಿದರು. ಅವರಲ್ಲಿ ಒಬ್ಬ ಅಂಬಿಗರ ಚೌಡಯ್ಯ, ಹೊಳಿ ದಾಟಿಸೋ ಕಾಯಕದವ. ಅರಸನಿಗೆ ನೀರು ವಿನೋದ, ಅಂಬಿಗನಿಗೆ ನೀರು ಕಾಯಕ. ಈ ಎರಡು ಕಣ್ಣು ನಮ್ಮ ಹೊಳಿಯನ್ನ ಅವತ್ತಿನಿಂದ ನೋಡಿಕೋತ ಬಂದಾವ. ಮುಂದಿನ ಇಡೀ ಕಥಿ ಈ ಎರಡು ಕಣ್ಣಿನ ನಡುವಿನ ಜಗಳಾನೇ.

ನೊಣ ಅಂದ್ರ ಏನು?

ವಿಡಿಯೋದಾಗ ಕಾಣೋ ಬೀಸುಗಾಳಕ್ಕ ಇಂಗ್ಲಿಷಿನಾಗ ಫ್ಲೈ ಫಿಶಿಂಗ್ ಅಂತಾರ. ಫ್ಲೈ ಅಂದ್ರ ನೊಣ. ಖರೆ ನೊಣ ಅಲ್ಲ, ಗಾಳಕ್ಕ ಪುಕ್ಕ, ಉಣ್ಣೆ, ರೇಷ್ಮೆ ನೂಲು ಸುತ್ತಿ ಮಾಡಿದ ಸೋಗಿನ ನೊಣ. ನಾವು ಎರಿಹುಳ ಚುಚ್ಚಿದ ಗಾಳ ಒಗೆದ್ರ ಗುಂಡಿನ ಭಾರಕ್ಕ ದಾರ ಹೋಗತೈತಿ. ಸೋಗಿನ ನೊಣಕ್ಕ ಭಾರಾನೇ ಇಲ್ಲ. ಹಂಗಾಗಿ ಇಲ್ಲಿ ದಾರಕ್ಕೇ ಭಾರ ಇಟ್ಟಿರತಾರ. ಎತ್ತು ಹೊಡಿಯೋ ಬಾರಕೋಲು ನೆನಸ್ರಿ. ಕೈ ತಿರುವಿದ್ರ ಬಾರಿನ ತುದಿ ತಾನೇ ಬಿಚ್ಚಿಕೊಂಡು ಮುಂದ ಹೋಗತೈತಲ್ಲ, ಹಂಗ. ಬಾರಕೋಲು ಛಟ್ ಅನಬೇಕು, ಇದು ಸಪ್ಪಳಾ ಮಾಡದ ಕೂಡಬೇಕು, ಅಷ್ಟೇ ಫರಕು.

ಈ ವಿದ್ಯೆ ಭಾಳ ಹಳೇದು. ಸುಮಾರು 1800 ವರ್ಷ ಹಿಂದೆ ರೋಮಿನ ಈಲಿಯನ್ ಅನ್ನೋ ಲೇಖಕ, ಮ್ಯಾಸಿಡೋನಿಯಾದ ಹೊಳಿಯೊಂದರಲ್ಲಿ ಜನ ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ, ಹುಂಜದ ಎರಡು ಪುಕ್ಕ ಕಟ್ಟಿ ಚುಕ್ಕಿಮೀನು ಹಿಡಿಯುವುದನ್ನು ಬರೆದಿದ್ದಾನೆ.

ಈ ಹವ್ಯಾಸದ ಸುತ್ತ ಇನ್ನೂ ನಾಕು ಹವ್ಯಾಸ ಬೆಳೆದಾವ. ನೊಣ ಕಟ್ಟೋದು ಒಂದು. ಕೋಲು ಮಾಡೋದು ಒಂದು. ಯಾವ ಹುಳ ಯಾವ ತಿಂಗಳ ನೀರ ಮ್ಯಾಲೆ ಹಾರತೈತಿ ಅಂತ ದಿನಚರಿ ಬರೆಯೋದು ಒಂದು. ಇದರಾಗ ಎರಡಕ್ಕ ನಮ್ಮ ದೇಶದ ಋಣ ಐತಿ. ಹತ್ತೊಂಬತ್ತನೇ ಶತಮಾನದಲ್ಲಿ ಬಿದಿರಿನ ಕೋಲು ಮಾಡೋರು ಮೊದಲು ಬಳಸಿದ್ದು ಕಲ್ಕತ್ತಾದಿಂದ ಹಡಗು ಹತ್ತಿದ ಬಿದಿರು. ಅದಕ್ಕ 'ಕಲ್ಕತ್ತಾ ಬಿದಿರು' ಅಂತಲೇ ಹೆಸರು. ಚೀನಾದ ಟಾಂಕಿನ್ ಬಿದಿರು ಬಂದದ್ದು ಆಮ್ಯಾಲೆ. ಇನ್ನ ನೊಣ ಕಟ್ಟೋರು ಎಲ್ಲಾಕ್ಕಿಂತ ಆಸೆ ಪಟ್ಟ ಪುಕ್ಕ ಯಾವುದು ಗೊತ್ತೇನ್ರಿ? ನಮ್ಮ ಪಶ್ಚಿಮ ಘಟ್ಟದ ಬೂದು ಕಾಡುಕೋಳಿ ಹುಂಜದ ಕುತ್ತಿಗಿ ಪುಕ್ಕ. ತುದಿಗೆ ಮೇಣ ಹಚ್ಚಿದಂಗ ಹೊಳಿಯೋ ಬಿಳಿ, ಹಳದಿ ಚುಕ್ಕಿ ಇರತಾವ. ನೀರಿನಾಗ ಅದು ಸಣ್ಣ ಮೀನಿನ ಕಣ್ಣಿನಂಗ ಕಾಣತೈತಿ ಅಂತ ಅವರ ಲೆಕ್ಕ. ಆ ಪುಕ್ಕಕ್ಕಾಗಿ ಇಲ್ಲಿಯ ಕಾಡುಕೋಳಿಗಳ ಚರ್ಮ ಮೂಟೆ ಮೂಟೆ ಹಡಗು ಹತ್ತಿದವು. ಈಗ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಆ ಕೋಳಿಗೆ ಐತಿ. ಅಂದ್ರ ಹವ್ಯಾಸ ಅಂದಕೂಡಲೆ ಪಾಪ ಇಲ್ಲದ್ದು ಅಂತ ತಿಳಕೋಬ್ಯಾಡ್ರಿ. ಸ್ಕಾಟ್ಲೆಂಡಿನ ಹೊಳಿಯಾಗಿನ ಆಟಕ್ಕ ನಮ್ಮ ಘಟ್ಟದಾಗ ಜೀವ ಹೋಗ್ಯಾವ.

ಟ್ರೌಟ್ ನಮ್ಮಲ್ಲಿ ಯಾಕಿಲ್ಲ

ಬ್ರಿಟಿಷರಿಗೆ ಇಲ್ಲಿ ಬಂದ ಮ್ಯಾಲೂ ತಮ್ಮೂರ ಹಳ್ಳದ ನೆನಪು ಬಿಡಲಿಲ್ಲ. 1860ರ ದಶಕದಲ್ಲಿ ಫ್ರಾನ್ಸಿಸ್ ಡೇ ಅನ್ನೋ ಸೇನಾ ವೈದ್ಯ ನೀಲಗಿರಿಗೆ ಟ್ರೌಟ್ ತರಲು ಪ್ರಯತ್ನಿಸಿ ಸೋತ. ಇದೇ ಡೇ ಮುಂದೆ ಭಾರತದ ಮೀನುಗಳ ಮೇಲೆ ಇವತ್ತಿಗೂ ಜನ ತೆರೆದು ನೋಡುವ ದೊಡ್ಡ ಗ್ರಂಥ ಬರೆದ. ಕಾಶ್ಮೀರಕ್ಕೆ ಸ್ಕಾಟ್ಲೆಂಡಿನಿಂದ ಕಳಿಸಿದ ಮೊದಲ ಕಂತಿನ ತತ್ತಿಗಳು ದಾರಿಯಲ್ಲೇ ಹಾಳಾದವು. 1900ರಲ್ಲಿ ಬಂದ ಎರಡನೇ ಕಂತು ಬದುಕಿತು. ನೀಲಗಿರಿಯಲ್ಲಿ 1907ರ ಹೊತ್ತಿಗೆ ಎಚ್. ಸಿ. ವಿಲ್ಸನ್ ಅವಲಾಂಚೆಯಲ್ಲಿ ಮರಿ ಕೇಂದ್ರ ಮಾಡಿ ಕಾಮನಬಿಲ್ಲಿನ ಟ್ರೌಟ್ ನೆಲೆಗೊಳಿಸಿದ.

"ಹಂಗಾರ ನಮ್ಮ ಹಿಡಕಲ್ಲಿಗೂ ಬಿಡಬಹುದಲ್ಲ?" ಅಂತ ಕೇಳೋರು ಅದಾರ. ಆಗೂದಿಲ್ರಿ. ಟ್ರೌಟಿಗೆ ತಣ್ಣೀರು ಬೇಕು. 20 ಡಿಗ್ರಿ ದಾಟಿದ್ರ ಅದಕ್ಕ ಸಂಕಟ ಶುರು. ನೀರು ಕಾದಷ್ಟೂ ಅದರಾಗಿನ ಆಮ್ಲಜನಕ ಕಡಿಮಿ ಆಗತೈತಿ, ಟ್ರೌಟಿಗೆ ಆಮ್ಲಜನಕ ಜಾಸ್ತಿ ಬೇಕು. ಅವಲಾಂಚೆ ಇರೋದು 2000 ಮೀಟರ್ ಎತ್ತರದಾಗ, ಗೋಕಾಕ ಇರೋದು ಸುಮಾರು 550 ಮೀಟರಿಗೆ. ನಮ್ಮ ಏಪ್ರಿಲ್ ಬಿಸಲಾಗ ಮಡುವಿನ ನೀರು ಕೈ ಇಟ್ರ ಬೆಚ್ಚಗ ಇರತೈತಿ. ಅಲ್ಲಿ ಟ್ರೌಟ್ ಒಂದು ವಾರ ಬದುಕೂದಿಲ್ಲ. ಬ್ಯಾರೆಯವರ ಮೀನು ತಂದು ಬಿಡೋ ಹುಚ್ಚು ನಮಗ ಬ್ಯಾಡ. ನಮ್ಮ ಗುಡ್ಡದ ಹಳ್ಳಕ್ಕ ನಮ್ಮದೇ ಮೀನು ಅದಾವ. ಅದರ ಕಥಿ ಟ್ರೌಟಿಗಿಂತ ದೊಡ್ಡದು.

ನಮ್ಮ ಹೊಳಿಯ ಹುಲಿ

ಆ ಮೀನಿನ ಹೆಸರು ಮಹಸೀರ್. ದೊಡ್ಡ ತಲಿ, ಹಿತ್ತಾಳಿ ಬಣ್ಣದ ಅಂಗೈ ಅಗಲ ಹುರುಪಿ, ದಪ್ಪ ತುಟಿ. ಹೆಸರಿಗೆ ಹಲವು ಅರ್ಥ ಹೇಳತಾರ: ದೊಡ್ಡ ತಲಿಯ ಮೀನು ಅಂತ ಕೆಲವರು, ಮೀನುಗಳ ಹುಲಿ ಅಂತ ಕೆಲವರು. ಕಾವೇರಿ ಕಡೆ ಬಿಳಿಮೀನು ಅಂತಾರ. ಶೃಂಗೇರಿಯ ತುಂಗಾ ದಂಡಿ ಮ್ಯಾಲೆ ಮಂಡಕ್ಕಿ ಹಾಕಿದ್ರ ಬಂದು ಮುತ್ತೋ ದೇವರ ಮೀನುಗಳೊಳಗ ಇವೂ ಅದಾವ.

ಇದರ ವೈಜ್ಞಾನಿಕ ಇತಿಹಾಸ ಶುರುವಾಗೂದು ನಮ್ಮ ಕೃಷ್ಣಾ ಕಣಿವೆಯೊಳಗ. ಮುಂಬೈ ಸರಕಾರದ ಅಂಕಿ ಅಂಶ ಅಧಿಕಾರಿಯಾಗಿದ್ದ ಕರ್ನಲ್ ಸೈಕ್ಸ್ ದಖ್ಖನ್ನಿನ ಹಳ್ಳಿ ಹಳ್ಳಿ ತಿರುಗಿ ಬೆಳೆ, ಕಂದಾಯ, ಜನಸಂಖ್ಯೆ ಬರೆದುಕೊಂಡವನು. ಜೊತೆಗೆ ಹಕ್ಕಿ, ಮೀನುಗಳನ್ನೂ ಬರೆದುಕೊಂಡ. 1839ರಲ್ಲಿ ಅವನು ಪುಣೆ ಕಡೆಯ ಮುಳಾ-ಮುಠಾ ಹೊಳಿಯ ಒಂದು ಮೀನಿಗೆ 'ಖುದ್ರಿ' ಅಂತ ಹೆಸರಿಟ್ಟ. ಇದೇ ಇವತ್ತಿನ ದಖ್ಖನ್ ಮಹಸೀರ್. ಆ ಹೊಳಿ ಭೀಮೆಗೆ ಸೇರತೈತಿ, ಭೀಮೆ ಕೃಷ್ಣೆಗೆ ಸೇರತೈತಿ. ನಮ್ಮ ಘಟಪ್ರಭೆಯೂ ಕೃಷ್ಣೆಯ ಮಗಳೇ. ಅಂದ್ರ ಖುದ್ರಿ ನಮ್ಮ ಕಣಿವಿಯ ಮೀನು.

ನಮ್ಮ ಕಣಿವಿಯ ನಕ್ಷೆ ಒಂದಿಷ್ಟು ಕಣ್ಮುಂದ ತಂದುಕೊಳ್ರಿ. ಘಟಪ್ರಭೆ ಸಹ್ಯಾದ್ರಿಯಲ್ಲಿ ಹುಟ್ಟಿ ಸುಮಾರು 283 ಕಿಲೋಮೀಟರ್ ಹರಿದು ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆ ಸೇರುತ್ತದೆ. ಅಂಬೋಲಿಯಲ್ಲಿ ಹುಟ್ಟುವ ಹಿರಣ್ಯಕೇಶಿ ಆಜರಾ, ಗಡಹಿಂಗ್ಲಜ ದಾಟಿ ಹುಕ್ಕೇರಿ ತಾಲೂಕಿನ ಸಂಕೇಶ್ವರಕ್ಕೆ ಬಂದು ಮುಂದೆ ಘಟಪ್ರಭೆಗೆ ಕೂಡುತ್ತದೆ. ಮಾರ್ಕಂಡೇಯ ಗೊಡಚಿನಮಲ್ಕಿಯಲ್ಲಿ ಧುಮುಕಿ ಬಂದು ಸೇರುತ್ತದೆ. ಗೋಕಾಕದಲ್ಲಿ ಘಟಪ್ರಭೆ 52 ಮೀಟರ್ ಧುಮುಕುತ್ತದೆ. ಯಾವ ಮೀನೂ ಈ ಧಬಧಬೆ ಹತ್ತೂದಿಲ್ಲ. ಹಂಗಾಗಿ ಫಾಲ್ಸಿನ ಮ್ಯಾಲಿನ ಹೊಳಿ, ಕೆಳಗಿನ ಹೊಳಿ ಮೀನಿನ ಲೆಕ್ಕಕ್ಕ ಎರಡು ಓಣಿ ಇದ್ದಂಗ. ಮ್ಯಾಲಿನ ಓಣಿಯವರು ಮಹಾಪೂರದಾಗ ಕೆಳಗ ಬರಬಹುದು, ಕೆಳಗಿನ ಓಣಿಯವರು ಮ್ಯಾಲೆ ಹೋಗಾಕ ಆಗೂದಿಲ್ಲ.

ಮಹಸೀರ್ ಮಳಿಗಾಲದ ಹೊಸನೀರಿಗೆ ಎದುರು ಈಜಿ, ಮ್ಯಾಲಿನ ಹಳ್ಳದ ಉಸುಕು, ಗರಸು ಇರೋ ತಿಳಿನೀರಿನಾಗ ತತ್ತಿ ಇಡತೈತಿ. ಬ್ಯಾಸಿಗಿಗೆ ಆಳ ಮಡುವಿನಾಗ ಉಳೀತೈತಿ. ಅದಕ್ಕ ಬೇಕಾದ್ದು ಎರಡೇ: ತೆರೆದ ದಾರಿ, ಬತ್ತದ ಮಡು. ನಾವು ಎರಡನ್ನೂ ಕಸಕೊಂಡ್ವಿ.

ಕಾನೂನು ಯಾರಿಗಾಗಿ ಬಂತು

ಮಂಗಳೂರಿನಲ್ಲಿ ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಗಾಳದ ಹುಚ್ಚ. 1870ರಲ್ಲಿ ದಕ್ಷಿಣ ಕನ್ನಡದ ಮೀನು ಸಾಕಾಣಿಕೆ ಮೇಲೆ ವರದಿ ಬರೆದ. 1873ರಲ್ಲಿ ಮಂಗಳೂರಿನಲ್ಲೇ 'ದಿ ರಾಡ್ ಇನ್ ಇಂಡಿಯಾ' ಅನ್ನೋ ಪುಸ್ತಕ ಅಚ್ಚು ಹಾಕಿಸಿದ. ಮಹಸೀರ್ ಹಿಡಿಯೋದು ಸ್ಕಾಟ್ಲೆಂಡಿನ ಸಾಲ್ಮನ್‌ಗಿಂತ ಕಡಿಮೆ ಆಟ ಅಲ್ಲ ಅಂತ ಸಾಹೇಬರಿಗೆ ಹೇಳಿಕೊಟ್ಟ ಪುಸ್ತಕ ಅದು. ನೊಣದ ಗಾಳಕ್ಕೆ ಬೀಳುವ ನಮ್ಮ ಸಣ್ಣ ಮೀನುಗಳ ಬಗ್ಗೆಯೂ ಅದರಲ್ಲಿ ಐತಿ. ಕೆರೆಯ ಗಾಳದ ಬಗ್ಗೆ ಇನ್ನೊಂದು ಪುಸ್ತಕವನ್ನೇ 1887ರಲ್ಲಿ ಬರೆದ.

ಥಾಮಸ್ ಹೊಳಿ ದಂಡಿ ಮ್ಯಾಲೆ ಕುಂತಿದ್ದರಿಂದ ಕಚೇರಿಯವರಿಗೆ ಕಾಣದ್ದು ಅವನಿಗೆ ಕಂಡಿತು. ಬ್ಯಾಸಿಗಿಯಲ್ಲಿ ಮಡುಗಳಿಗೆ ಗಿಡದ ವಿಷ ಹಾಕೋದು, ಸಣ್ಣ ಕಣ್ಣಿನ ಬಲೆಯಲ್ಲಿ ಮರಿಗಳನ್ನೂ ಸೋಸಿ ತೆಗೆಯೋದು, ಆಮೇಲೆ ಬಂದ ಸಿಡಿಮದ್ದು. ಇವನ್ನೆಲ್ಲಾ ನಿಲ್ಲಿಸಬೇಕು ಅಂತ ಅವನೂ, ಡೇಯೂ, ಇತರರೂ ಬರೆದರು. ಕಡಿಗೆ 1897ರಲ್ಲಿ ಭಾರತದ ಮೀನುಗಾರಿಕೆ ಕಾಯ್ದೆ ಬಂತು. ನೀರಿನಲ್ಲಿ ಸಿಡಿಮದ್ದು ಹಾಕಿ, ವಿಷ ಹಾಕಿ ಮೀನು ಕೊಲ್ಲೋದು ಅಪರಾಧ ಅಂತ ಆ ಕಾಯ್ದೆ ಹೇಳಿತು. ನಮ್ಮ ರಾಜ್ಯದ್ದೇ ಒಳನಾಡು ಮೀನುಗಾರಿಕೆ ಕಾಯ್ದೆ ಬಂದದ್ದು 1996ರಲ್ಲಿ. ಕಾನೂನಿನ ಹುಟ್ಟು ಹವ್ಯಾಸಿಯ ಸಿಟ್ಟಿನಿಂದ ಆತು ಅನ್ನೋದನ್ನ ಮರೀಬಾರದು.

ಆದರ ಇಲ್ಲಿ ಒಂದು ಕಣ್ಣು ಕಾಣಿಸಿ ಇನ್ನೊಂದು ಕಣ್ಣು ಮುಚ್ಚಬಾರದು. ಸಾಹೇಬರ ಬರವಣಿಗಿಯಾಗ ತಪ್ಪೆಲ್ಲಾ ಬೆಸ್ತರದು, ಅಂಬಿಗರದು. ಹೊಳಿಗೆ ಅಡ್ಡ ಕಟ್ಟಿದ ಒಡ್ಡಿನ ತಪ್ಪು? ಅದನ್ನೂ ಒಬ್ಬರು ಎತ್ತಿದ್ದರು, ಮತ್ಯಾರೂ ಅಲ್ಲ, ಗೋದಾವರಿಗೆ ಒಡ್ಡು ಕಟ್ಟಿದ ಆರ್ಥರ್ ಕಾಟನ್ನರೇ. ಒಡ್ಡುಗಳಿಂದ ಮೀನಿನ ದಾರಿ ಕಟ್ಟಾಗಿ ಮೀನುಗಾರಿಕೆಗೆ ಪೆಟ್ಟು ಬೀಳುತ್ತಿದೆಯೇ ಅಂತ 1867ರಲ್ಲಿ ಅವರು ಪ್ರಶ್ನೆ ಎತ್ತಿದ ಮೇಲೆಯೇ ಡೇ ಅದರ ತನಿಖೆಗೆ ನೇಮಕವಾದದ್ದು. ಬಲೆಯವನಿಗೆ ಕಾನೂನು ಬಂತು, ಒಡ್ಡಿಗೆ ಏಣಿ ಬರಲಿಲ್ಲ.

ಘಟಪ್ರಭೆಯೊಳಗೂ ಅದೇ ಆತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಧೂಪದಾಳದ ಒಡ್ಡು, ಗೋಕಾಕ ಕಾಲುವೆ. ಅದೇ ಕಾಲಕ್ಕೆ ಫಾಲ್ಸಿನ ನೀರಿನ ಬಲದ ಮೇಲೆ ಗೋಕಾಕ ಮಿಲ್ಲು. ಅದಾದ ಮೇಲೆ ಹಿಡಕಲ್ ಡ್ಯಾಂ, 51 ಟಿಎಂಸಿ, 1977ಕ್ಕೆ ಮುಗಿತು. ವಂಟಮುರಿಯ ರಾಜಾ ಲಖಮಗೌಡರ ಹೆಸರಿನದು. ನಾನು ಡ್ಯಾಮಿಗೆ ಬೈಯಾವ ಅಲ್ಲ. ಮೂಡಲಗಿ, ಗೋಕಾಕದ ಕಬ್ಬು, ನಮ್ಮ ಮಕ್ಕಳ ಸಾಲಿ ಫೀಸು, ಮನಿ ಮ್ಯಾಲಿನ ಆರ್‌ಸಿಸಿ ಎಲ್ಲಾ ಆ ನೀರಿನದು. ಧೂಪದಾಳದ ಹಿನ್ನೀರಿಗೆ ಚಳಿಗಾಲದಾಗ ಪರದೇಶದ ಕೊಕ್ಕರೆಗಳು ಬರತಾವ, ಅದೂ ಒಡ್ಡಿನ ಪುಣ್ಯಾನೇ. ಆದರ ಮೀನಿನ ಕಡಿಂದ ನೋಡಿದ್ರ, ಹರಿಯೋ ಹೊಳಿ ನಿಂತ ನೀರಾತು. ನಿಂತ ನೀರಿಗೆ ಗಂಗಾ ಕಣಿವೆಯ ಕಾಟ್ಲಾ, ರೋಹು, ಮೃಗಾಲ ಬಂದ್ವು. ಆಫ್ರಿಕಾದ ತಿಲಾಪಿಯಾ ಬಂತು. ಅವು ಸಂತಿಗೆ ತೂಕ ಕೊಡತಾವ, ಅಂಬಿಗರ ಒಲಿ ಉರಿಸತಾವ, ಬ್ಯಾಡ ಅನ್ನಾಕ ನಾವ್ಯಾರು. ಹರಿಯೋ ನೀರಿನ ಖುದ್ರಿ ಮಾತ್ರ ಸದ್ದಿಲ್ಲದ ಹಿಂದ ಸರೀತು.

ನಮ್ಮ ಮೀನು ಕಾವೇರಿಯಲ್ಲಿ ಪರಕೀಯ

ಈಗ ಕಥಿಯ ವಿಚಿತ್ರ ತಿರುವು ಕೇಳ್ರಿ.

ಮೈಸೂರು ಸೀಮೆಯ ಹೊಳಿಗಳ ಮಹಸೀರ್ ಬ್ಯಾರೆ ಜಾತಿ. ಬೆನ್ನು ಡುಬ್ಬ, ರೆಕ್ಕಿ ಕೆಂಪು ಕಿತ್ತಳೆ. ಮೈಸೂರಿನ ವಾನ್ ಇಂಗೆನ್ ಮನೆತನದ ಒಬ್ಬರು 1946ರಲ್ಲಿ ಗಾಳಕ್ಕೆ ಹಿಡಿದದ್ದು 120 ಪೌಂಡ್, ಅಂದ್ರ 54 ಕಿಲೋ. ಸ್ವಾತಂತ್ರ್ಯ ಬಂದ ಮೇಲೆ ಜಗತ್ತು ಈ ಮೀನನ್ನ ಮರೀತು. 1970ರ ದಶಕದ ಕೊನೆಗೆ ಇಂಗ್ಲೆಂಡಿನ ಮೂವರು ಹವ್ಯಾಸಿಗಳು ಹುಡುಕಿಕೊಂಡು ಬಂದು ಕಾವೇರಿಯಲ್ಲಿ ಮತ್ತೆ ಕಂಡರು. ಆಮೇಲೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಕ್ಕಳಿಯಲ್ಲಿ ಗಾಳದ ಕ್ಯಾಂಪುಗಳು ಆದವು. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಜೀವಂತ ಬಿಡಬೇಕು ಅನ್ನೋದು ಅಲ್ಲಿಯ ಕಟ್ಟಳೆ. ಮುಂಚೆ ಸಿಡಿಮದ್ದು ಹಾಕುತ್ತಿದ್ದ ಕೈಗಳೇ ಅಲ್ಲಿ ಕಾವಲು, ಗೈಡ್ ಕೆಲಸಕ್ಕೆ ಸೇರಿದವು. ಕೊಲ್ಲೋದಕ್ಕಿಂತ ಕಾಯೋದಕ್ಕೆ ಪಗಾರ ಸಿಕ್ಕಿತು.

ಅದೇ ಹೊತ್ತಿಗೆ, ಮಹಸೀರ್ ಹೆಚ್ಚಾಗಲಿ ಅನ್ನೋ ಒಳ್ಳೇ ಮನಸ್ಸಿನಿಂದ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಮರಿ ಎಲ್ಲಿಯವು? ಲೋಣಾವಳಾದಲ್ಲಿ ಟಾಟಾ ವಿದ್ಯುತ್ ಕಂಪನಿ 1970ರ ದಶಕದಿಂದ ನಡೆಸಿಕೊಂಡು ಬಂದ ಮರಿ ಕೇಂದ್ರದವು. ಜಾತಿ? ಖುದ್ರಿ. ನಮ್ಮ ಕೃಷ್ಣಾ ಕಣಿವೆಯ ಮೀನು! ಅದು ಅಲ್ಲಿ ಚಲೋ ಹೊಂದಿಕೊಂಡು ಬೆಳೀತು. ಬೆಳೆದಷ್ಟೂ ಕಾವೇರಿಯ ಸ್ವಂತ ಡುಬ್ಬದ ಮಹಸೀರ್ ಕಾಣದಾತು.

ಇದು ಗೊತ್ತಾದದ್ದು ಹೆಂಗ ಅನ್ನೋದೇ ಮುಖ್ಯ. 1998ರಿಂದ 2012ರವರೆಗೆ ಗಾಲಿಬೋರೆ ಕ್ಯಾಂಪಿನಲ್ಲಿ ಗಾಳ ಹಾಕಿದವರು ಹಿಡಿದ ಮೀನಿನ ಲೆಕ್ಕ ವಹಿಯಲ್ಲಿ ಬರೆದಿಟ್ಟಿದ್ದರು. ವಿಜ್ಞಾನಿಗಳು 2015ರಲ್ಲಿ ಆ ವಹಿ ತೆಗೆದು ಕೂಡಿಸಿ ನೋಡಿದರು. ಒಟ್ಟು ಮೀನು ಹೆಚ್ಚಾಗಿದ್ದವು, ಆದರೆ ಡುಬ್ಬದ ಮೀನಿನ ಪಾಲು ಇಳಿದಿತ್ತು, ಮರಿಗಳು ಕಾಣುತ್ತಿರಲಿಲ್ಲ. 2018ರಲ್ಲಿ ಆ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಖಚಿತವಾಯಿತು, ಟಾರ್ ರೆಮಾದೇವಿಯೈ. ಹೆಸರು ಸಿಕ್ಕ ವರ್ಷವೇ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಜಗತ್ತೆಲ್ಲಾ ಫೋಟೋ ತೆಗೆಸಿಕೊಂಡ ಮೀನಿಗೆ ಅಲ್ಲೀತನಕ ಖಾತ್ರಿ ಹೆಸರಿರಲಿಲ್ಲ ನೋಡ್ರಿ.

ಅಭಯಾರಣ್ಯದೊಳಗಿನ ಗಾಳ 2010ರ ದಶಕದ ಆರಂಭದಲ್ಲಿ ನಿಂತಿತು. ಕ್ಯಾಂಪು ಮುಚ್ಚಿದ ಮೇಲೆ ಕಾವಲೂ ಹೋತು, ಮತ್ತ ಸಿಡಿಮದ್ದು ಬಂತು ಅಂತ ಗಾಳದವರ ವಾದ. ಕಾಡು ಆಟದ ಜಾಗ ಅಲ್ಲ ಅಂತ ಎದುರಿನವರ ವಾದ. ಎರಡರಾಗೂ ಹುರುಳೈತಿ. ಆದರ ವಹಿ ಇಲ್ಲದಿದ್ರ ಈ ವಾದಕ್ಕ ಆಧಾರಾನೇ ಇರತಿರಲಿಲ್ಲ.

ಹಿರಣ್ಯಕೇಶಿಯ ಸಣ್ಣ ಮೀನು

ದೊಡ್ಡ ಮೀನಿನ ಮಾತು ಸಾಕು, ಬೆರಳುದ್ದದ ಮೀನಿನ ಮಾತು ಕೇಳ್ರಿ. ಸಂಕೇಶ್ವರದ ಮುಂದ ಹರಿಯೋ ಹಿರಣ್ಯಕೇಶಿ ಹುಟ್ಟೋ ಜಾಗದಾಗ, ಅಂಬೋಲಿಯ ಮಹಾದೇವ ಗುಡಿಯ ಹೊಂಡದಾಗ, 2020ರಲ್ಲಿ ಒಂದು ಹೊಸ ಮೀನು ಪತ್ತೆ ಆತು. ಕಲ್ಲಿನ ಸಂದಿಯಾಗ ಬದುಕೋ ಸಣ್ಣ ಮೀನು. ಹೆಸರೂ ಹೊಳಿಯದೇ ಇಟ್ಟರು: ಶಿಸ್ಟುರಾ ಹಿರಣ್ಯಕೇಶಿ. ಮರುವರ್ಷ ಮಹಾರಾಷ್ಟ್ರ ಸರಕಾರ ಆ ಜಾಗವನ್ನ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿತು. ಹೋರಾ ಅವರು ಜೀವಮಾನ ಪೂರ್ತಿ ನೋಡಿದ್ದು ಇಂಥ ಗುಡ್ಡದ ಹಳ್ಳದ ಮೀನುಗಳನ್ನೇ.

ನಮ್ಮದೇ ಹೊಳಿಯ ತಲಿಯಾಗ ಹೆಸರಿಲ್ಲದ ಮೀನು 2020ರತನಕ ಇತ್ತು ಅಂದ್ರ, ಕೆಳಗಿನ ನಮ್ಮ ಪಾತ್ರದಾಗ ಹೆಸರು ಹಚ್ಚೂದಕ್ಕಿಂತ ಮುಂಚೆ ಎಷ್ಟು ಹೋಗಿರಬೇಕು? ಗುಡಿಯ ಹೊಂಡ ಅದನ್ನ ಕಾಯ್ತು. ಆದರ ಗುಡಿ ಐತಿ ಅಂತ ನಿಶ್ಚಿಂತಿ ಬ್ಯಾಡ. ದಕ್ಷಿಣ ಕನ್ನಡದ ಶಿಶಿಲದ ದೇವರ ಮೀನುಗಳಿಗೆ 1996ರಲ್ಲಿ ಯಾರೋ ವಿಷ ಹಾಕಿ ಸಾವಿರಗಟ್ಟಲೆ ಕೊಂದರು.

ಹಿಡಿದು ಬಿಡೂದ್ಯಾಕ?

ಈಗ ಹುಡುಗರ ಪ್ರಶ್ನೆಗೆ ಬರೋಣ. ಬಿಡೂದಾದ್ರ ಹಿಡಿಯೂದ್ಯಾಕ? ನನ್ನ ಉತ್ತರ ಇಷ್ಟು. ಹಿಡಿಯಾವ ನೀರು ನೋಡತಾನ. ನೋಡಾವ ಲೆಕ್ಕ ಇಡತಾನ. ಲೆಕ್ಕ ಇದ್ದಲ್ಲಿ ಕಳವು ಗೊತ್ತಾಗತೈತಿ. ಸೋಮೇಶ್ವರ 35 ಮೀನಿನ ಹೆಸರು ಬರೆದಿಟ್ಟ. ಥಾಮಸ್ ವಿಷದ ಮಡು ಬರೆದಿಟ್ಟ. ಗಾಲಿಬೋರೆಯವರು ತೂಕ ಬರೆದಿಟ್ಟರು. ಘಟಪ್ರಭೆಯ ವಹಿ ಎಲ್ಲೈತಿ? ನಾವು ಕಬ್ಬಿನ ಟನ್ನು ಬರೀತೀವಿ, ಕಾರ್ಖಾನಿ ಬಿಲ್ಲು ಬರೀತೀವಿ. ಹೊಳಿಯಾಗ ಹೋದ ವರ್ಷ ಏನಿತ್ತು, ಈ ವರ್ಷ ಏನಿಲ್ಲ, ಯಾರೂ ಬರಿಯೂದಿಲ್ಲ.

ಹಂಗಂತ ಎಲ್ಲಾರೂ ಸಾವಿರಾರು ರೂಪಾಯಿ ಕೋಲು ತರಿಸ್ರಿ ಅನ್ನೂದಿಲ್ಲ. ಹೊಟ್ಟಿಪಾಡಿಗೆ ಬಲೆ ಬೀಸಾವನ್ನ ಬೈಯೂದೂ ಬ್ಯಾಡ. ಅವನಿಗಿಂತ ಹೊಳಿ ತಿಳಿದಾವ ನಮ್ಮೊಳಗ ಯಾರೂ ಇಲ್ಲ. ಬೈಯಬೇಕಾದ್ದು ಬ್ಯಾರೆ. ಕಾರಿಕಾಯಿ ಅರೆದು ಹಾಕೋ ಕಾಲ ಹೋಗಿ ಬ್ಲೀಚಿಂಗ್ ಪೌಡರ್ ಬಂದೈತಿ. ಕ್ಲೋರಿನ್ ಮೀನಿನ ಕಿವಿರು ಸುಡತೈತಿ, ದೊಡ್ಡದು ಸಣ್ಣದು ಅನ್ನೂದಿಲ್ಲ, ಏಡಿ, ಶಂಖದ ಹುಳ ಎಲ್ಲಾ ಹೋಗತಾವ. ವೈರ್ ಬಿಟ್ಟು ಕರೆಂಟ್ ಕೊಡೋರೂ ಅದಾರ, ಮೀನಿನ ಜೋಡಿ ತಾವೂ ಹೋಗತಾರ. ಸಿಹಿ ಅಂಶ ಇರೋ ಕೊಳಚಿ ಹಳ್ಳಕ್ಕ ಬಿದ್ರ ಸೂಕ್ಷ್ಮಜೀವಿಗಳು ಅದನ್ನ ತಿನ್ನೋ ಭರದಾಗ ನೀರಿನ ಆಮ್ಲಜನಕ ಮುಗಸತಾವ, ಮೀನು ಮ್ಯಾಲೆ ಬಂದು ಬಾಯಿ ತೆರೀತಾವ. ಮತ್ತ ನಮ್ಮ ಹೊಲದ ಯೂರಿಯಾ, ಕಳೆನಾಶಕ ಮಳಿ ನೀರಿನ ಜೋಡಿ ಎಲ್ಲಿಗೆ ಹೋಗತೈತಿ? ಹೊಳಿಗೇ. ಹೊಳಿ ದಂಡಿಯ ಹೊಲದವರು ಕಡೀ ಐದು ಮಾರು ಜಾಗದಾಗ ಹುಲ್ಲು, ಗಿಡ ಬಿಟ್ರ ಮಣ್ಣೂ ಉಳೀತೈತಿ, ನೀರೂ ಉಳೀತೈತಿ. 2019ರ ಆಗಸ್ಟಿನ ಮಹಾಪೂರದಾಗ ಲೋಳಸೂರ ಸೇತುವೆ ಮುಳುಗಿದ್ದು ನೋಡಿದವರಿಗೆ ದಂಡಿ ಕೊರೆತ ಅಂದ್ರ ಏನು ಅಂತ ಹೇಳಬೇಕಾಗಿಲ್ಲ.

ನನ್ನ ವಿನಂತಿ ಎರಡೇ. ಒಂದು, ನಿಮ್ಮೂರ ಹೊಳಿಯ ಮಡುಗಳಿಗೆ ಹಿರಿಯರು ಇಟ್ಟ ಹೆಸರುಗಳು ಇರತಾವ. ಅಂಬಿಗರ ಓಣಿಗೆ ಹೋಗಿ ಕೇಳ್ರಿ, ಎಪ್ಪತ್ತು ದಾಟಿದ ಅಜ್ಜಾರನ್ನ ಕೇಳ್ರಿ. ಯಾವ ಮಡು, ಎಷ್ಟು ಆಳ, ಯಾವ ಮೀನು ಅಲ್ಲಿ ಇರತಿತ್ತು, ಅದನ್ನ ಅವರು ಏನಂತ ಕರೀತಿದ್ದರು, ಅವರ ಬಾಯಿಂದ ಬಂದಂಗ ಬರಕೊಳ್ರಿ. ಪುಸ್ತಕದಾಗಿಲ್ಲದ ಹೆಸರು ಅವರ ಹಂತ್ಯಾಕ ಅದಾವ, ಅವರ ಜೋಡೀನೇ ಹೊಂಟಾವ. ಎರಡು, ಬ್ಯಾಸಿಗಿಯಾಗ ಊರಿಗೊಂದು ಮಡುವರೆ ಕೈ ಹಚ್ಚದ ಬಿಡ್ರಿ. ಗುಡಿ ಮುಂದಿನ ಮಡು ಆದ್ರ ಇನ್ನೂ ಚಲೋ, ದೇವರು ಅರ್ಧ ಕಾವಲು ಕಾಯತಾನ. ಉಳಿದರ್ಧ ನಾವು. ಅಲ್ಲಿ ಉಳಿದ ಹತ್ತು ಮೀನು ಮುಂಗಾರಿನ ಹೊಸನೀರಿಗೆ ಎದುರು ಈಜಿದ್ರ, ಈ ಹೊಳಿಗೆ ಇನ್ನೊಂದು ನೂರು ವರ್ಷದ ಲೆಕ್ಕ ಬರಿಯಾಕ ಯಾರರೆ ಕೂಡತಾರ.